ಕ್ಲೈಂಟ್ ‘ಫೋರ್ಸ್ ಮಜೂರ್’ ಎಂದಾಗ: ಮಾಡಬೇಕಾದ್ದು, ಮಾಡಬಾರದ್ದು

ಅನುವಾದ, ವಿನ್ಯಾಸ, ವಿಡಿಯೊ ಸಂಕಲನ, ಕೋಡಿಂಗ್ ಇಂಥ ಬಿಡಿ ಕೆಲಸಗಳನ್ನು ಒಪ್ಪಂದದ ಮೇಲೆ ಮಾಡುವ ಎಲ್ಲರ ಗಮನಕ್ಕೆ.

ಕೆಲಸ ಒಪ್ಪಿಸಿ ಹಣ ಕೇಳಿದಾಗ, ‘ಪರಿಸ್ಥಿತಿ ನಮ್ಮ ಕೈಮೀರಿದೆ, ಫೋರ್ಸ್ ಮಜೂರ್ ಷರತ್ತು ಅನ್ವಯಿಸುತ್ತದೆ’ ಎಂಬ ಇಮೇಲ್ ಬಂದರೆ ಗಾಬರಿಯಾಗಬೇಡಿ. ಆ ಷರತ್ತು ಮುಂದೆ ಆಗಬೇಕಾದ ಕೆಲಸವನ್ನು ತಡೆಯಬಹುದು. ಆಗಿಹೋದ ಕೆಲಸದ ಬಾಕಿಯನ್ನು ಅದು ತಾನಾಗಿ ಮನ್ನಾ ಮಾಡುವುದಿಲ್ಲ.

ಮಾಡಬೇಕಾದ್ದು

ಮೊದಲು ಒಪ್ಪಂದ ತೆರೆದು ಆ ಷರತ್ತನ್ನು ಒಂದಕ್ಷರ ಬಿಡದೆ ಓದಿ. ಯಾವ ಘಟನೆಗಳ ಹೆಸರಿದೆ? ಎಷ್ಟು ದಿನದೊಳಗೆ ಲಿಖಿತ ನೋಟಿಸ್ ಕೊಡಬೇಕು? ಹಣ ಪಾವತಿಗೆ ಇದು ಅನ್ವಯಿಸದು ಎಂಬ ಸಾಲಿದೆಯೇ? ಎಷ್ಟೋ ಒಪ್ಪಂದಗಳಲ್ಲಿ ಆ ಸಾಲು ಇರುತ್ತದೆ, ಯಾರೂ ಓದಿರುವುದಿಲ್ಲ. ಹೊರದೇಶದ ಕ್ಲೈಂಟ್ ಆಗಿದ್ದರೆ ಯಾವ ದೇಶದ ಕಾನೂನು ನಡೆಯುತ್ತದೆ ಎಂಬುದನ್ನೂ ನೋಡಿ.

ಭಾರತದ ಕಾನೂನು ನಡೆಯುವ ಒಪ್ಪಂದದಲ್ಲಿ ಇಂಥ ಷರತ್ತೇ ಇಲ್ಲದಿದ್ದರೆ, ಕ್ಲೈಂಟ್ ಮೊರೆಹೋಗಬೇಕಾದದ್ದು 1872ರ ಭಾರತೀಯ ಕರಾರು ಕಾಯ್ದೆಯ ಸೆಕ್ಷನ್ 56ಕ್ಕೆ. ಅದರಡಿ ಕಷ್ಟವಾಯಿತು, ನಷ್ಟವಾಯಿತು ಎಂದರೆ ಸಾಲದು. ಇಂಡೊನೇಷ್ಯಾದ ಕಲ್ಲಿದ್ದಲು ದುಬಾರಿಯಾಯಿತೆಂದು ವಿದ್ಯುತ್ ಕಂಪನಿಗಳು ಹೂಡಿದ ಇದೇ ವಾದವನ್ನು 2017ರ ಎನರ್ಜಿ ವಾಚ್‌ಡಾಗ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಕಲ್ಲಿದ್ದಲಿನ ಬೆಲೆಗೇ ಸಿಗದ ವಿನಾಯಿತಿ ‘ಹೂಡಿಕೆದಾರರು ಹಿಂದೆ ಸರಿದರು’ ಎಂಬ ಕಾರಣಕ್ಕೆ ಸುಲಭವಾಗಿ ಸಿಗದು. ಒಂದು ವೇಳೆ ಕರಾರು ನಿಜಕ್ಕೂ ಅಸಾಧ್ಯವಾಗಿ ರದ್ದಾಯಿತು ಎಂದೇ ಇಟ್ಟುಕೊಳ್ಳಿ: ಅದರಿಂದ ಪಡೆದ ಲಾಭವನ್ನು ಹಿಂತಿರುಗಿಸಬೇಕು, ಇಲ್ಲವೇ ಪರಿಹಾರ ಕೊಡಬೇಕು ಎನ್ನುತ್ತದೆ ಸೆಕ್ಷನ್ 65. ನಿಮ್ಮ ಉತ್ತರದಲ್ಲಿ ಇದನ್ನು ತಪ್ಪದೆ ಬರೆಯಿರಿ.

ಘಟನೆ ಯಾವುದು, ಯಾವ ದಿನಾಂಕದ್ದು, ಅದರಿಂದ ಈ ಪಾವತಿ ಹೇಗೆ ನಿಂತಿತು ಎಂದು ಬರಹದಲ್ಲೇ ಕೇಳಿ. ಕಚೇರಿಗೆ ನೆರೆ ನುಗ್ಗಿದ್ದು ನಿಜವಿರಬಹುದು. ಹಾಗಿದ್ದರೆ ಕಾಲಾವಕಾಶ ಕೊಡಿ, ಕಂತು ಮಾಡಿಕೊಡಿ, ಅದು ಮನುಷ್ಯತ್ವ. ಆದರೆ ಬಾಕಿ ಎಷ್ಟು, ಯಾವ ಕಂತು ಯಾವ ದಿನ ಎಂಬುದನ್ನು ಅವರ ಸಹಿಯೊಂದಿಗೆ ಬರೆಸಿಕೊಳ್ಳಿ. ವಸೂಲಿ ದಾವೆಗೆ ಕಾಲಮಿತಿ ಸಾಮಾನ್ಯವಾಗಿ 3 ವರ್ಷ. ಅದರೊಳಗೆ ಸಹಿ ಹಾಕಿ ಬಾಕಿ ಒಪ್ಪಿಕೊಂಡರೆ ಆ ದಿನದಿಂದ ಎಣಿಕೆ ಹೊಸದಾಗಿ ಶುರುವಾಗುತ್ತದೆ.

ಉದ್ಯಮ್ ನೋಂದಣಿ ಇನ್ನೂ ಮಾಡಿಸಿಲ್ಲವೇ? ಮುಂದಿನ ಕೆಲಸ ಒಪ್ಪಿಕೊಳ್ಳುವ ಮೊದಲೇ ಮಾಡಿಸಿ, ಶುಲ್ಕವಿಲ್ಲ. 2006ರ ಎಂಎಸ್‌ಎಂಇಡಿ ಕಾಯ್ದೆಯಡಿ ನೋಂದಾಯಿತ ಸಣ್ಣ ಸೇವಾದಾರರಿಗೆ 45 ದಿನ ಮೀರಿ ಹಣ ತಡೆಹಿಡಿಯುವಂತಿಲ್ಲ. ಹಿಡಿದರೆ ಬ್ಯಾಂಕ್ ದರದ 3 ಪಟ್ಟು ಚಕ್ರಬಡ್ಡಿ ಬೀಳುತ್ತದೆ.

ಮಾಡಬಾರದ್ದು

ಫೋನಿನಲ್ಲೇ ಮಾತು ಮುಗಿಸಬೇಡಿ. ಕರೆ ಮುಗಿದ ಮೇಲೆ ಅದರ ಸಾರವನ್ನು ಇಮೇಲ್ ಮಾಡಿ. ವಾಟ್ಸ್‌ಆ್ಯಪ್ ಸಂದೇಶಗಳನ್ನು ಅಳಿಸಬೇಡಿ, ಫೋನ್ ಬದಲಿಸುವಾಗಲೂ ಜೋಪಾನ.

ಅರ್ಧ ಹಣ ಕೊಟ್ಟು ‘ಇದರೊಂದಿಗೆ ಲೆಕ್ಕ ಚುಕ್ತಾ’ ಎಂಬ ಕಾಗದ ಮುಂದಿಟ್ಟರೆ ಸಹಿ ಹಾಕಬೇಡಿ. ‘ಭಾಗಶಃ ಪಾವತಿ, ಉಳಿದದ್ದು ಬಾಕಿ’ ಎಂದು ಬರೆದೇ ತೆಗೆದುಕೊಳ್ಳಿ. ಬಾಡಿಗೆ ಕಟ್ಟುವ ದಿನ ಹತ್ತಿರವಿದ್ದಾಗಲೇ ಇಂಥ ಕಾಗದ ಬರುತ್ತದೆ, ಎಚ್ಚರ.

ಸಿಟ್ಟಿನಲ್ಲಿ ಕ್ಲೈಂಟ್‌ನ ವೆಬ್‌ಸೈಟ್ ಬಂದ್ ಮಾಡುವುದು, ಅವರ ಸರ್ವರ್‌ನಿಂದ ಫೈಲ್ ಅಳಿಸುವುದು, ಪಾಸ್‌ವರ್ಡ್ ಬದಲಿಸುವುದು ಸುತರಾಂ ಬೇಡ. ಮಾಹಿತಿ ತಂತ್ರಜ್ಞಾನ ಕಾಯ್ದೆಯ ಸೆಕ್ಷನ್ 43 ಮತ್ತು 66 ಆಗ ನಿಮ್ಮ ಮೇಲೆಯೇ ತಿರುಗುತ್ತವೆ, ಹಣ ಬರಬೇಕಾದವರೇ ಆರೋಪಿಯಾಗುತ್ತೀರಿ. ಫೇಸ್‌ಬುಕ್‌ನಲ್ಲಿ ‘ಮೋಸಗಾರರು’ ಎಂದು ಹೆಸರು ಹಾಕಿ ಬರೆಯುವುದೂ ಬೇಡ.

ಹಳೆಯ ಬಾಕಿ ತೀರದೆ, ‘ಇದೊಂದು ಮುಗಿಸಿಕೊಡಿ, ಎಲ್ಲ ಒಟ್ಟಿಗೆ ಕೊಡುತ್ತೇವೆ’ ಎಂಬ ಮಾತಿಗೆ ಹೊಸ ಕೆಲಸ ಹಿಡಿಯಬೇಡಿ.

ವಕೀಲರಿಗೆ ಕೊಡಲು ದುಡ್ಡಿಲ್ಲವೆಂದು ಬಾಕಿಯನ್ನು ಬಿಟ್ಟುಕೊಡಬೇಡಿ. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ ದಾವೆಪೂರ್ವ ಅರ್ಜಿ ಕೊಡಿ. ಲೋಕ ಅದಾಲತ್‌ಗೆ ಕೋರ್ಟ್ ಶುಲ್ಕವಿಲ್ಲ, ಅಲ್ಲಿ ಆದ ರಾಜಿಗೆ ಸಿವಿಲ್ ನ್ಯಾಯಾಲಯದ ಡಿಕ್ರಿಯಷ್ಟೇ ಬಲವಿದೆ.