ಶೇಕಡಾ ಲೆಕ್ಕ ಒಬ್ಬರ ಹಣೆಬರಹವಲ್ಲ: ಅಂಗಾಂಶ ಪಾಠದಲ್ಲಿ ಬಾಯಿ ಕ್ಯಾನ್ಸರ್

ಬೋಧನಾಭ್ಯಾಸದ ಅವಧಿಯಲ್ಲಿ ಭಾಲ್ಕಿ ಮತ್ತು ಔರಾದ್ ತಾಲ್ಲೂಕಿನ ಎರಡು ಪ್ರೌಢಶಾಲೆಗಳಲ್ಲಿ 9ನೇ ತರಗತಿಗೆ ‘ಅಂಗಾಂಶಗಳು’ ಘಟಕವನ್ನು ಬೋಧಿಸಿದೆ. ಬಾಯಿಯ ಒಳಭಾಗವನ್ನು ಹೊದಿಸಿರುವ ಅನುಲೇಪಕ ಅಂಗಾಂಶ ಈ ಘಟಕದಲ್ಲಿದೆ. ಬಾಯಿ ಕ್ಯಾನ್ಸರ್ ಹೆಚ್ಚಾಗಿ ಹುಟ್ಟುವುದು ಇದೇ ಪದರದಲ್ಲಿ. ಕರ್ನಾಟಕದ ವಯಸ್ಕರಲ್ಲಿ ಶೇ. 16.3 ಮಂದಿ ಹೊಗೆರಹಿತ ತಂಬಾಕು ಬಳಸುತ್ತಾರೆಂದು 2016–17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆ ತಿಳಿಸಿದೆ. ಎಂದರೆ ಎದುರಿಗೆ ಕುಳಿತ ಕೆಲವು ಮಕ್ಕಳ ಮನೆಯಲ್ಲೂ ತಂಬಾಕು ಇರುತ್ತದೆ, ರೋಗಿಯೂ ಇರಬಹುದು. ಇದನ್ನು ಗಮನದಲ್ಲಿಟ್ಟೇ ಪಾಠ ಯೋಜನೆ ಬರೆದೆ.

ಉದ್ದೇಶಗಳು

1. ಕೆನ್ನೆಯ ಒಳಪದರದ ಕೋಶಗಳನ್ನು ಗುರುತಿಸುವುದು.
2. ರೋಗದ ಮುನ್ನೋಟ, ಅಂದರೆ ರೋಗ ಮುಂದೆ ಹೇಗೆ ಸಾಗಬಹುದೆಂಬ ವೈದ್ಯರ ಅಂದಾಜು, ಯಾವುದನ್ನು ಅವಲಂಬಿಸಿದೆ ಎಂದು ವಿವರಿಸುವುದು.

ಪಾಠದ ಹಂತಗಳು

ಕೆನ್ನೆಯ ಒಳಗಿನ ಕೋಶಗಳಿಗೆ ಮಿಥಿಲೀನ್ ಬ್ಲೂ ಹಾಕಿ ಸೂಕ್ಷ್ಮದರ್ಶಕದಲ್ಲಿ ತೋರಿಸಿದೆ. ಔರಾದ್‌ನಲ್ಲಿ ಮರಾಠಿ ಮನೆಮಾತಿನ ಮಕ್ಕಳೂ ಇದ್ದರು. ‘ಅನುಲೇಪಕ’ ಎಂಬ ಪದ ಎಲ್ಲರಿಗೂ ಹೊಸದು. ನೆಲಕ್ಕೆ ಹಾಸಿದ ಫರಸಿ ಕಲ್ಲಿನಂತೆ ಎಂದಾಗ ತಕ್ಷಣ ಹಿಡಿದುಕೊಂಡರು.

ಮುಂದೆ ಕಪ್ಪುಹಲಗೆಯ ಮೇಲೆ ಮೂರು ಪ್ರಶ್ನೆ ಬರೆದೆ: ಗಡ್ಡೆ ಎಷ್ಟು ದೊಡ್ಡದು? ಎಷ್ಟು ಆಳಕ್ಕೆ ಇಳಿದಿದೆ? ಕತ್ತಿನ ದುಗ್ಧಗ್ರಂಥಿಗೆ ಹರಡಿದೆಯೇ? ವೈದ್ಯರು ಮುನ್ನೋಟ ಹೇಳುವಾಗ ಇವು ಮುಖ್ಯ. 2018ರಿಂದ ಜಾರಿಯಲ್ಲಿರುವ ಹಂತ ನಿರ್ಣಯ ಪದ್ಧತಿಯಲ್ಲಿ ಆಳವನ್ನೂ ಮಿಲಿಮೀಟರ್‌ನಲ್ಲಿ ಅಳೆಯುತ್ತಾರೆ.

ಭಾಲ್ಕಿಯಲ್ಲಿ ಒಬ್ಬ ವಿದ್ಯಾರ್ಥಿ ಕೇಳಿದ: “ಟೀಚರ್, ಕ್ಯಾನ್ಸರ್ ಅಂದ್ರ ಸಾಯೋದೇ ಏನ್ರಿ?” ಉತ್ತರವನ್ನು ಚಟುವಟಿಕೆಯ ಮೂಲಕವೇ ಕೊಟ್ಟೆ.

ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯ ವೈದ್ಯರು 2015ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅದರಲ್ಲಿದ್ದವರೆಲ್ಲ ಆರಂಭದ ಹಂತದ ಬಾಯಿ ಕ್ಯಾನ್ಸರ್ ರೋಗಿಗಳು. ಒಂದು ಗುಂಪಿಗೆ ಗಡ್ಡೆಯ ಜೊತೆಗೇ ಕತ್ತಿನ ಗ್ರಂಥಿಗಳನ್ನೂ ತೆಗೆದರು. ಇನ್ನೊಂದು ಗುಂಪಿಗೆ, ಮುಂದೆ ಗ್ರಂಥಿಗಳಲ್ಲಿ ರೋಗ ಕಾಣಿಸಿಕೊಂಡರೆ ಮಾತ್ರ ತೆಗೆದರು. 3 ವರ್ಷದ ನಂತರ ಬದುಕಿದ್ದವರ ಪ್ರಮಾಣ ಮೊದಲ ಗುಂಪಿನಲ್ಲಿ ಶೇ. 80, ಎರಡನೆಯದರಲ್ಲಿ ಶೇ. 67.5.

ಮಕ್ಕಳು ಗ್ರಾಫ್ ಹಾಳೆಯಲ್ಲಿ 100 ಚೌಕಗಳ ಎರಡು ಪಟ್ಟಿ ಎಳೆದು ಈ ಸಂಖ್ಯೆಗಳಿಗೆ ಬಣ್ಣ ತುಂಬಿದರು. ಬಳಿಕ ಕೇಳಿದೆ: “ಒಬ್ಬ ರೋಗಿ ಬಂದರೆ ಅವರದು ಯಾವ ಚೌಕ?” ಸ್ವಲ್ಪ ಚರ್ಚೆಯಾಗಿ, “ಹೇಳಾಕ ಬರಲ್ರಿ” ಎಂಬ ಉತ್ತರ ಬಂತು. ಈ ಪಾಠದ ತಿರುಳು ಇದೇ. ಸಂಖ್ಯೆ ಗುಂಪಿನದು, ವ್ಯಕ್ತಿಯದಲ್ಲ. ಆದರೆ ಸರಿಯಾದ ಚಿಕಿತ್ಸೆ ಸಿಕ್ಕರೆ ಬಣ್ಣದ ಚೌಕಗಳು ಹೆಚ್ಚುತ್ತವೆ ಎಂಬುದು ಕಣ್ಣಿಗೇ ಕಾಣುತ್ತದೆ.

ಮೌಲ್ಯಮಾಪನ

“ನೆರೆಮನೆಯ ಕಾಕಾ ‘ಕ್ಯಾನ್ಸರ್ ಇದ್ದರೆ ಹೆಂಗೂ ಉಳಿಯಲ್ಲ, ದವಾಖಾನಿ ಯಾಕ?’ ಎಂದರೆ ಏನು ಹೇಳುವೆ?” ಎಂದು ಕೇಳಿದೆ. ಹೆಚ್ಚಿನವರು ಹೆದರಿಸುವ ಮಾತು ಬರೆಯಲಿಲ್ಲ. ಬೇಗ ತೋರಿಸಿದರೆ ಏನು ಲಾಭ ಎಂದು ಬರೆದರು.

ಸಹ ಪ್ರಶಿಕ್ಷಣಾರ್ಥಿಗಳಿಗೆ

ಕೊಳೆತ ಬಾಯಿಯ ಚಿತ್ರ ತೋರಿಸಿದರೆ ತರಗತಿ ಮೌನವಾಗುತ್ತದೆ, ಆದರೆ ಮನೆಯಲ್ಲಿ ರೋಗಿಯಿರುವ ಮಗು ಕುಗ್ಗುತ್ತದೆ. ಯಾರ ಮನೆಯಲ್ಲಿ ಯಾರು ತಂಬಾಕು ತಿನ್ನುತ್ತಾರೆಂದು ಕೈ ಎತ್ತಿಸಬೇಡಿ. “ಏನೂ ಆಗುವುದಿಲ್ಲ” ಎಂಬ ಸುಳ್ಳು ಸಮಾಧಾನವೂ ಬೇಡ. ಎರಡು ವಾರವಾದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಮೂರು ಬೆರಳು ಹಿಡಿಸದಷ್ಟು ಕಿರಿದಾದ ಬಾಯಿ: ಇವುಗಳಲ್ಲಿ ಯಾವುದೊಂದು ಕಂಡರೂ ತಾಲ್ಲೂಕು ಆಸ್ಪತ್ರೆಗೆ ಅಥವಾ ಬೀದರ್‌ನ ಬ್ರಿಮ್ಸ್‌ಗೆ ತೋರಿಸಬೇಕೆಂದು ಮಕ್ಕಳ ನೋಟ್‌ಬುಕ್ಕಿನಲ್ಲಿ ಬರೆಸಿ. ಆ ಪುಟ ಮನೆಗೂ ಹೋಗುತ್ತದೆ.