ಅತಿಚಾರಗಳೊಳಗಿನ ನಗೆ

ಹಾಸ್ಯಕ್ಕೆ ನಮ್ಮ ಆಗಮಗಳಲ್ಲಿ ದೊರೆತಿರುವ ಸ್ಥಾನ ಅಷ್ಟೇನೂ ಗೌರವದ್ದಲ್ಲ. ಚಾರಿತ್ರಮೋಹನೀಯದ ಒಂಬತ್ತು ನೋಕಷಾಯಗಳನ್ನು ಎಣಿಸತೊಡಗಿದರೆ ಮೊದಲು ಬರುವ ಹೆಸರೇ ಹಾಸ್ಯ. ರತಿ, ಅರತಿ, ಶೋಕ, ಭಯ, ಜುಗುಪ್ಸೆಗಳು ಅದರ ಬೆನ್ನಿಗೆ ನಿಂತಿವೆ, ಮೂರು ವೇದಗಳು ಕೊನೆಗೆ. ಸತ್ಯವ್ರತವನ್ನು ಸ್ಥಿರಗೊಳಿಸುವ ಐದು ಭಾವನೆಗಳಲ್ಲಿ ಕ್ರೋಧ, ಲೋಭ, ಭೀರುತ್ವಗಳ ತ್ಯಾಗದೊಡನೆ ಹಾಸ್ಯದ ತ್ಯಾಗವನ್ನೂ ತತ್ತ್ವಾರ್ಥಸೂತ್ರವು ವಿಧಿಸುತ್ತದೆ. ಅನರ್ಥದಂಡವ್ರತದ ಅತಿಚಾರಗಳಲ್ಲಿ ರಾಗ ಬೆರೆತ ಪರಿಹಾಸಕ್ಕೆ ಕಂದರ್ಪವೆಂದೂ, ಅದಕ್ಕೆ ಅಂಗಚೇಷ್ಟೆ ಸೇರಿದರೆ ಕೌತ್ಕುಚ್ಯವೆಂದೂ ಬೇರೆ ಬೇರೆ ಹೆಸರುಗಳುಂಟು. ಹೀಗಿರುವಲ್ಲಿ ವ್ರತೋಪವಾಸಗಳ ಪತ್ರಿಕೆಯಲ್ಲಿ ನಗೆಯ ಪಾಠವೇಕೆಂದು ವಾಚಕರು ಹುಬ್ಬೇರಿಸಬಹುದು.

ಆದರೆ ಅದೇ ಶಾಸ್ತ್ರದ ಇನ್ನೊಂದು ಮಾತನ್ನೂ ನೆನೆಯಬೇಕು. ಹಾಸ್ಯಾದಿ ಆರು ನೋಕಷಾಯಗಳ ಉದಯವು ನಿಲ್ಲುವುದು ಎಂಟನೆಯ ಅಪೂರ್ವಕರಣ ಗುಣಸ್ಥಾನದ ಕೊನೆಯಲ್ಲಿ. ಅಣುವ್ರತಿಯಾದ ಶ್ರಾವಕನು ಇರುವುದು ಐದನೆಯದರಲ್ಲಿ. ಅವನು ‘ನಾನು ನಗೆಯನ್ನು ಗೆದ್ದಿದ್ದೇನೆ’ ಎಂದು ಗಂಭೀರವದನನಾಗಿ ಹೇಳಿಕೊಂಡರೆ ಅದಕ್ಕಿಂತ ನಗೆಗೀಡಾದ ಮಾತು ಬೇರೊಂದಿಲ್ಲ. ನಗೆ ಹೇಗೂ ಬರುವಂಥದೇ. ಯಾರನ್ನು ನೋಡಿ ನಗುತ್ತೇವೆಂಬುದು ಮಾತ್ರ ನಮ್ಮ ವಶದಲ್ಲಿದೆ. ಪರರ ವ್ರತವನ್ನೋ ಪರರ ಊಟವನ್ನೋ ಕಂಡು ನಕ್ಕರೆ ಅನರ್ಥದಂಡ. ತನ್ನ ಮನಸ್ಸಿನ ಜಾಣತನವನ್ನು ತಾನೇ ಕಂಡು ನಕ್ಕರೆ, ದೋಷವನ್ನು ಬಿಚ್ಚಿಟ್ಟು ನೋಡುವ ಆಲೋಚನೆಯೆಂಬ ಪ್ರಾಯಶ್ಚಿತ್ತಕ್ಕೆ ಅದು ಹತ್ತಿರದ ದಾರಿ. ಇದಕ್ಕೆ ಉದಾಹರಣೆಗಳನ್ನು ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡಗಳ ದಿನಬಳಕೆಯ ಬಾಳಿನಿಂದಲೇ ಆಯ್ದುಕೊಂಡಿದ್ದೇನೆ.

ಮೊದಲು ಅತಿಚಾರವೆಂದರೇನು ನೋಡೋಣ. ವ್ರತಭಂಗಕ್ಕೆ ನಾಲ್ಕು ಮೆಟ್ಟಿಲುಗಳು: ಅತಿಕ್ರಮ, ವ್ಯತಿಕ್ರಮ, ಅತಿಚಾರ, ಅನಾಚಾರ. ಇದಕ್ಕೆ ಹಿರಿಯರು ಮುದಿ ಎತ್ತಿನ ದೃಷ್ಟಾಂತವನ್ನು ಕೊಡುತ್ತಾರೆ. ಹಳಿಯಾಳ, ಮುಂಡಗೋಡಗಳ ಭತ್ತದ ಗದ್ದೆಯ ಬದಿಯಲ್ಲಿ ಇದನ್ನು ದಿನವೂ ಕಣ್ಣಾರೆ ಕಾಣಬಹುದು. ಹಸುರು ಪೈರನ್ನು ಕಂಡು ಎತ್ತು ಮನಸ್ಸಿನಲ್ಲೇ ಆಸೆಪಡುವುದು ಅತಿಕ್ರಮ; ಬೇಲಿಯ ಸಂದಿಯಲ್ಲಿ ಮೂತಿ ತೂರಿಸುವುದು ವ್ಯತಿಕ್ರಮ; ಒಂದು ತುತ್ತು ಕೀಳುವುದು ಅತಿಚಾರ; ಬೇಲಿ ಮುರಿದು ಒಳನುಗ್ಗಿ ಮೇಯುವುದು ಅನಾಚಾರ. ಒಂದು ತುತ್ತು ಕಿತ್ತ ಮೇಲೆ ಆ ಎತ್ತು ನಿಲ್ಲುವ ಭಂಗಿಯನ್ನು ಗಮನಿಸಿದ್ದೀರಾ? ಬಾಯಿ ಮೆಲುಕಾಡುತ್ತಿರುತ್ತದೆ, ಕಣ್ಣು ಮಾತ್ರ ದೂರದ ಗುಡ್ಡವನ್ನು ನೋಡುತ್ತಿರುತ್ತದೆ. ಅತಿಚಾರವೆಂಬುದರ ಸ್ವರೂಪವೆಲ್ಲ ಆ ನೋಟದಲ್ಲಿದೆ.

ಈ ನೋಟವನ್ನು ಆಚಾರ್ಯ ಉಮಾಸ್ವಾಮಿಗಳು ಎಷ್ಟು ಬಲ್ಲವರಾಗಿದ್ದರೆಂಬುದಕ್ಕೆ ಏಳನೆಯ ಅಧ್ಯಾಯದ ದೇಶವ್ರತದ ಅತಿಚಾರಗಳೇ ಸಾಕ್ಷಿ. ‘ಇಷ್ಟು ದಿನ ಈ ಎಲ್ಲೆಯನ್ನು ದಾಟೆನು’ ಎಂದು ಶ್ರಾವಕನು ನಿಯಮ ಮಾಡುತ್ತಾನೆ. ಕಾಲು ದಾಟುವುದಿಲ್ಲ. ಆದರೆ ಹೊರಗಿನ ವಸ್ತುವನ್ನು ಒಳಗೆ ತರಿಸಿಕೊಳ್ಳುತ್ತಾನೆ, ಅದು ಆನಯನ. ಆಳನ್ನು ಹೊರಗೆ ಅಟ್ಟುತ್ತಾನೆ, ಪ್ರೇಷ್ಯಪ್ರಯೋಗ. ಎಲ್ಲೆಯೊಳಗೇ ನಿಂತು ಹೊರಗಿನವನಿಗೆ ಕೇಳುವಂತೆ ಕೆಮ್ಮುತ್ತಾನೆ, ಶಬ್ದಾನುಪಾತ. ಕಾಣುವಂತೆ ಮುಖ ತೋರಿಸುತ್ತಾನೆ, ರೂಪಾನುಪಾತ. ಅದೂ ಸಾಲದಿದ್ದರೆ ಮಣ್ಣಹೆಂಟೆಯೊಂದನ್ನು ಎಸೆಯುತ್ತಾನೆ, ಪುದ್ಗಲಕ್ಷೇಪ. ಇಷ್ಟನ್ನೂ ಸೂತ್ರಕಾರರು ಮುಖದ ಗೆರೆ ಅಲುಗದಂತೆ ಒಂದೇ ಸೂತ್ರದಲ್ಲಿ ಪೋಣಿಸಿದ್ದಾರೆ. ಮಾಳಿಗೆಯ ಮೇಲೆ ನಿಂತು ಬೀದಿಯವನಿಗೆ ಹೆಂಟೆ ಎಸೆಯುತ್ತಿರುವ ವ್ರತಿಯ ಚಿತ್ರವನ್ನು ಕಣ್ಣಮುಂದೆ ತಂದುಕೊಂಡು ನಗದವರುಂಟೇ?

ಮಳೆಗಾಲದಲ್ಲಿ ಎಲ್ಲೆ ಕಟ್ಟಿಕೊಂಡು ವ್ರತ ಹಿಡಿಯುವ ರೂಢಿ ಈ ಸೀಮೆಗೆ ಹೊಸದಲ್ಲ. ಹಳಿಯಾಳಕ್ಕೆ ನೆರೆಯಾದ ಖಾನಾಪುರ ತಾಲೂಕಿನ ಹಲಸಿ, ಎಂದರೆ ಕದಂಬರ ಪಲಾಶಿಕೆ, ಅಲ್ಲಿ ದೊರೆತ ರವಿವರ್ಮನ ತಾಮ್ರಶಾಸನವು ಮಳೆಗಾಲದ ನಾಲ್ಕು ತಿಂಗಳು ಯಾಪನೀಯ ತಪಸ್ವಿಗಳಿಗೆ ಆಹಾರದ ಏರ್ಪಾಡನ್ನು ಹೇಳುತ್ತದೆ. ಆರನೆಯ ಶತಮಾನದ ಮಾತದು. ಆ ಪರಂಪರೆಯ ಕಿರಿಯ ಕೊಂಡಿಯಾಗಿ ಹಳಿಯಾಳದ ಕಡೆಯ ವರ್ತಕರೊಬ್ಬರು ಭಾದ್ರಪದದ ದಶಲಕ್ಷಣ ಪರ್ವದಲ್ಲಿ ಹತ್ತು ದಿನ ತಮ್ಮ ಓಣಿಯನ್ನು ದಾಟುವುದಿಲ್ಲವೆಂದು ನಿಯಮ ಮಾಡಿದರು. ದಾಟಲೂ ಇಲ್ಲ. ಮೂರನೆಯ ದಿನ ಅವರ ಮೊಮ್ಮಗಳು, ಪಾಠಶಾಲೆಯಲ್ಲಿ ಸೂತ್ರ ಕಲಿಯುತ್ತಿದ್ದವಳು, ಕೇಳಿದಳು: “ಅಜ್ಜಾ, ಮೊಬೈಲಿನಲ್ಲಿ ಧಾರಣೆ ಕೇಳಿದಿರಲ್ಲ, ಅದು ಶಬ್ದಾನುಪಾತ. ವೀಡಿಯೊ ಕರೆ ಮಾಡಿ ಮಾವನಿಗೆ ಮುಖ ತೋರಿಸಿದಿರಿ, ಅದು ರೂಪಾನುಪಾತ. ಪೇಟೆಯಿಂದ ಪಾರ್ಸಲ್ ಬಂತು, ಆನಯನ. ಅಣ್ಣನನ್ನು ಬ್ಯಾಂಕಿಗೆ ಕಳುಹಿಸಿದಿರಿ, ಪ್ರೇಷ್ಯಪ್ರಯೋಗ. ಹೆಂಟೆ ಎಸೆಯುವುದೊಂದೇ ಬಾಕಿ. ತಂದುಕೊಡಲೇ?” ಅಜ್ಜನವರು ಮೊದಲು ಕೆಂಪಾದರು, ಅನಂತರ ನಕ್ಕರು, ನಕ್ಕ ಮೇಲೆ ಮೊಬೈಲನ್ನು ಅವಳ ಕೈಗೇ ಕೊಟ್ಟು ಚತುರ್ದಶಿಯವರೆಗೆ ಇಟ್ಟುಕೊಳ್ಳೆಂದರು. ಕೆಂಪಾದದ್ದು ಮಾನಕಷಾಯದ ಉದಯ. ಅದನ್ನು ನಗೆಯು ಮುಂದೆ ಹೋಗದಂತೆ ತಡೆಯಿತೆಂಬುದನ್ನು ಗಮನಿಸಬೇಕು.

ಇದನ್ನು ಕೇಳಿದ ಜೋಯಿಡಾದ ಕಾಡೊಳಗಿನ ಹಳ್ಳಿಯೊಬ್ಬರು, “ನಮಗೆ ಆ ಅತಿಚಾರದ ಭಯವೇ ಇಲ್ಲ, ಮಳೆ ಹಿಡಿದರೆ ಸಿಗ್ನಲ್ಲೇ ಬರುವುದಿಲ್ಲ” ಎಂದರು. ಸಂಕಲ್ಪವಿಲ್ಲದೆ, ಬೇರೆ ಗತಿಯಿಲ್ಲದೆ ಸಹಿಸಿದ್ದಕ್ಕೆ ಶಾಸ್ತ್ರವು ಅಕಾಮನಿರ್ಜರೆಯೆನ್ನುತ್ತದೆ, ಅದು ವ್ರತವಾಗದು. ಸಿಗ್ನಲ್ ಬಂದ ದಿನವೂ ಮುಟ್ಟದಿದ್ದರೆ ಮಾತ್ರ ಲೆಕ್ಕ.

ರಾತ್ರಿಭೋಜನತ್ಯಾಗದ ವಿಷಯವೂ ಹೀಗೆಯೇ. ನಮ್ಮ ಸೀಮೆಯಲ್ಲಿ ಜೂನ್ ಕೊನೆಗೆ ಸೂರ್ಯನು ಮುಳುಗುವಾಗ ಸಂಜೆ 7 ಗಂಟೆ ದಾಟಿರುತ್ತದೆ; ಡಿಸೆಂಬರಿನಲ್ಲಿ 6 ಗಂಟೆಯ ಆಸುಪಾಸು. ನಿಷ್ಠಾವಂತರು ಅದಕ್ಕೂ ಎರಡು ಘಳಿಗೆ, ಎಂದರೆ 48 ನಿಮಿಷ, ಮೊದಲೇ ಊಟ ಮುಗಿಸುತ್ತಾರೆ. ಆಷಾಢ ಶ್ರಾವಣಗಳಲ್ಲಿ ದಾಂಡೇಲಿಯ ಆಕಾಶದಲ್ಲಿ ಸೂರ್ಯನು ವಾರಗಟ್ಟಲೆ ಮುಖ ತೋರಿಸುವುದಿಲ್ಲ. ಆಗ ಪಂಚಾಂಗ ಮತ್ತು ಗಡಿಯಾರಗಳೇ ಗತಿ. ಒಂದು ಮನೆಯಲ್ಲಿ ಎರಡು ಗಡಿಯಾರಗಳಿದ್ದವು. ಅಡುಗೆಮನೆಯದು ಹತ್ತು ನಿಮಿಷ ಹಿಂದೆ, ಪಡಸಾಲೆಯದು ಸರಿ. ಬೇಗ ಬಂದ ದಿನ ಯಜಮಾನರು ಪಡಸಾಲೆಯ ಗಡಿಯಾರವನ್ನು ಹೊಗಳುತ್ತಿದ್ದರು. ತಡವಾಗಿ ಬಂದ ದಿನ ಅಡುಗೆಮನೆಯದೇ ಹಳೆಯ ಕಾಲದ ಗಟ್ಟಿ ಯಂತ್ರವೆನ್ನುತ್ತಿದ್ದರು. ಮನೆಯಾಕೆ ವಾದಿಸಲಿಲ್ಲ. ಒಂದು ದಿನ ಎರಡನ್ನೂ ಒಂದೇ ಗೋಡೆಗೆ ಅಕ್ಕಪಕ್ಕ ತೂಗುಹಾಕಿದರು, ಅಷ್ಟೆ.

ಈಗ ಉಪವಾಸ. ರತ್ನಕರಂಡಕದಲ್ಲಿ ಸಮಂತಭದ್ರಾಚಾರ್ಯರು ಚತುರ್ವಿಧಾಹಾರದ ತ್ಯಾಗವನ್ನು ಉಪವಾಸವೆಂದೂ, ದಿನಕ್ಕೊಮ್ಮೆ ಉಣ್ಣುವುದನ್ನು ಪ್ರೋಷಧವೆಂದೂ ವಿಂಗಡಿಸಿದ್ದಾರೆ. ಪ್ರೋಷಧೋಪವಾಸದ ಅತಿಚಾರಗಳಲ್ಲಿ ಮೂರು, ನೋಡದೆ ಗುಡಿಸದೆ ವಸ್ತುಗಳನ್ನು ಇಡುವ, ತೆಗೆಯುವ, ಹಾಸುವ ಅಜಾಗರೂಕತೆಗೆ ಸಂಬಂಧಿಸಿದವು. ಉಳಿದೆರಡು ಅನಾದರ ಮತ್ತು ಸ್ಮೃತ್ಯನುಪಸ್ಥಾನ. ಅಷ್ಟಮಿಯ ಮಧ್ಯಾಹ್ನ ಜಪಮಣಿ ಕೈಯಲ್ಲಿ ತಿರುಗುತ್ತಿರುತ್ತದೆ, ಮನಸ್ಸು ನಾಳೆಯ ಪಾರಣೆಗೆ ಹೆಸರುಬೇಳೆ ನೆನೆಹಾಕಿದರೋ ಇಲ್ಲವೋ ಎಂದು ಅಡುಗೆಮನೆಯಲ್ಲಿ ಸುತ್ತುತ್ತಿರುತ್ತದೆ. ಬಾಯಿಗೆ ಉಪವಾಸ, ಮೂಗಿಗೆ ಔತಣ. ಇನ್ನೊಂದು ರೋಗ ಕೋಪ. ಮುಂಡಗೋಡದ ಒಂದು ಮನೆಗೆ ಅಷ್ಟಮಿಯಂದು ಅತಿಥಿಗಳು ಬಂದಾಗ ಬಾಗಿಲಲ್ಲಿದ್ದ ಐದು ವರ್ಷದ ಹುಡುಗ ತುಟಿಗೆ ಬೆರಳಿಟ್ಟು, “ಸದ್ದು ಮಾಡಬೇಡಿ. ಅಜ್ಜನಿಗೆ ಇಂದು ಉಪವಾಸ, ಬೈಗುಳದ ಪಾರಣೆ ನಮಗೆ” ಎಂದನಂತೆ. ಒಳಗಿನಿಂದ ಬಂದ ನಗು ಅಜ್ಜನದೇ. ಆ ನಂತರ ಆ ಮನೆಯಲ್ಲಿ ಉಪವಾಸದ ಸಂಕಲ್ಪಕ್ಕೆ ‘ಯಾರನ್ನೂ ಬೈಯೆನು’ ಎಂಬ ಇನ್ನೊಂದು ನಿಯಮ ಸೇರಿತೆಂದು ತಿಳಿದೆ. ಅನಶನ ಸುಲಭ, ಇದು ಕಠಿಣ.

ರಸಪರಿತ್ಯಾಗದಲ್ಲಿ ತುಪ್ಪ ಬಿಟ್ಟು, ‘ತುಪ್ಪವಿಲ್ಲವಲ್ಲ, ಹಾಗಾಗಿ ಒಂದಿಷ್ಟು ಬೆಲ್ಲ ಹೆಚ್ಚಿಗೆ’ ಎನ್ನುವವರ ಕಥೆಯನ್ನು ವಾಚಕರು ತಮ್ಮ ಮನೆಯಲ್ಲೇ ಹುಡುಕಿಕೊಳ್ಳಲಿ.

ಇದುವರೆಗಿನದು ಮನೆಯೊಳಗಿನ ನಗೆ. ಹೊರಗಿನವರ ನಗೆ ಎದುರಾದಾಗ ಮಾತು ಗಂಭೀರವಾಗುತ್ತದೆ. ಬಟಾಟೆ, ಈರುಳ್ಳಿ ತಿನ್ನದ ಹುಡುಗನು ವಿದ್ಯಾಭ್ಯಾಸಕ್ಕೆಂದು ಪರ ಊರಿನ ವಸತಿಗೃಹ ಸೇರುತ್ತಾನೆ. ತಟ್ಟೆಯಿಂದ ಹೋಳುಗಳನ್ನು ಆರಿಸಿ ಬದಿಗಿಡುವಾಗ ಸಂಗಾತಿಗಳು ನಗುತ್ತಾರೆ. ಮೂರು ತಿಂಗಳಲ್ಲಿ ಆರಿಸುವುದು ನಿಲ್ಲುತ್ತದೆ. ಹಸಿವಿಗೆ ಸೋತು ವ್ರತ ಬಿಟ್ಟವರಿಗಿಂತ ಪರಿಹಾಸಕ್ಕೆ ಅಂಜಿ ಬಿಟ್ಟವರನ್ನೇ ನಾನು ಹೆಚ್ಚು ಕಂಡಿದ್ದೇನೆ. ಹಾಸ್ಯ ಅವರದು, ಭಯ ಇವನದು. ಎರಡೂ ನೋಕಷಾಯಗಳೇ, ನಷ್ಟ ಮಾತ್ರ ಒಬ್ಬನಿಗೆ. ಇಂಥ ಮಕ್ಕಳಿಗೆ ‘ಯಾರೊಡನೆಯೂ ಸೇರಬೇಡ’ ಎಂದು ಹೇಳಿ ಕಳುಹಿಸುವ ತಂದೆತಾಯಿಗಳ ಬುದ್ಧಿವಾದವು ಜುಗುಪ್ಸೆಯನ್ನು ಬೆಳೆಸೀತೇ ಹೊರತು ವ್ರತವನ್ನು ಉಳಿಸದು. ಜೋಯಿಡಾದ ಒಬ್ಬ ಗೃಹಿಣಿಯ ನಡತೆ ಇಲ್ಲಿ ಮೇಲ್ಪಂಕ್ತಿ.

ಜೋಯಿಡಾ ಗೆಡ್ಡೆಗೆಣಸಿನ ನಾಡು. ಕುಣಬಿಯರು ತಲೆಮಾರುಗಳಿಂದ ಉಳಿಸಿಕೊಂಡು ಬಂದ ಮುಡ್ಲಿ ಮೊದಲಾದ ಗೆಡ್ಡೆಗಳಿಗಾಗಿ ಅಲ್ಲಿ ಮೇಳವೇ ನಡೆಯುತ್ತದೆ. ಉದ್ಯೋಗನಿಮಿತ್ತ ಅಲ್ಲಿಗೆ ಬಂದ ಜೈನ ಕುಟುಂಬದ ಬಾಗಿಲಿಗೆ ನೆರೆಯ ಕುಣಬಿ ಮುದುಕಿ ತನ್ನ ಹಿತ್ತಲ ಗೆಡ್ಡೆಗಳನ್ನು ಬುಟ್ಟಿಯಲ್ಲಿ ಹೊತ್ತು ತಂದಳು. ಗೃಹಿಣಿ ಕೈಮುಗಿದು ಕೂರಿಸಿ, ನಮಗೆ ನೆಲದೊಳಗಿನದು ವರ್ಜ್ಯವಮ್ಮಾ ಎಂದರು. ಏಕೆಂದು ಕೇಳಿದ್ದಕ್ಕೆ, ಒಂದು ಗೆಡ್ಡೆಯ ಶರೀರದಲ್ಲಿ ಅನಂತ ಜೀವಗಳು ಒಟ್ಟಿಗಿವೆಯೆಂದು ವಿವರಿಸಿದರು. ಮುದುಕಿ ಕೊಂಕಣಿ ಬೆರೆತ ಕನ್ನಡದಲ್ಲಿ, “ಒಂದೇ ಮನೆಯಲ್ಲಿ ಅಷ್ಟು ಮಂದಿಯೇ? ಜಗಳವಾಗುವುದಿಲ್ಲವೇ?” ಎಂದಳು. ಗೃಹಿಣಿ ನಕ್ಕು, “ಅವಕ್ಕೆ ಆಹಾರವೂ ಒಂದೇ, ಉಸಿರೂ ಒಂದೇ. ಜಗಳವಾಡಿದರೆ ಬೇರೆ ಒಲೆ ಹೂಡಲು ಜಾಗವೆಲ್ಲಿ?” ಎಂದರು. ಸಾಧಾರಣ ವನಸ್ಪತಿಯ ಲಕ್ಷಣವನ್ನು ಗೊಮ್ಮಟಸಾರವು ಸಮಾನ ಆಹಾರ, ಸಮಾನ ಶ್ವಾಸೋಚ್ಛ್ವಾಸಗಳಿಂದ ನಿರೂಪಿಸಿದೆ. ಅದನ್ನು ಇಷ್ಟು ಸೊಗಸಾಗಿ ತಿಳಿಹೇಳಿದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ. ಮುಂದಿನ ಸಲ ಮುದುಕಿ ಬಾಳೆಗೊನೆ ತಂದಳು: “ಇದು ನೆಲದ ಮೇಲಿನದು, ಒಂದೊಂದೂ ಬೇರೆ ಬೇರೆ ಸಂಸಾರ!” ಗೃಹಿಣಿ ಆಕೆಯ ಊಟವನ್ನು ಹಳಿಯಲಿಲ್ಲ, ತಮ್ಮ ನಿಯಮವನ್ನೂ ಸಡಿಲಿಸಲಿಲ್ಲ.

ಇನ್ನು ಮುಂಡಗೋಡದ ಕಡೆ ತಿರುಗೋಣ. 1966ರಲ್ಲಿ ಅಲ್ಲಿ ಟಿಬೆಟನ್ನರ ವಸತಿ ಆರಂಭವಾಯಿತು. ಗಾಂದೆನ್, ಡ್ರೆಪುಂಗ್ ಎಂಬ ದೊಡ್ಡ ವಿಹಾರಗಳು ಅಲ್ಲಿ ಮರುಹುಟ್ಟು ಪಡೆದವು. ವಿಹಾರದ ಅಂಗಳದಲ್ಲಿ ಭಿಕ್ಷುಗಳು ಚಪ್ಪಾಳೆ ತಟ್ಟಿ ತರ್ಕವಾದ ಮಾಡುವುದನ್ನು ನೋಡಿದಾಗ ಅಕಲಂಕದೇವರ ಕಥೆ ನೆನಪಾಗದಿರದು. ಬೌದ್ಧ ಮಠದಲ್ಲಿ ಗುಟ್ಟಾಗಿ ಓದುತ್ತಿದ್ದ ಅಕಲಂಕ ನಿಷ್ಕಲಂಕ ಸೋದರರನ್ನು ಪತ್ತೆಹಚ್ಚಲು ಗುರುವು ಜಿನಬಿಂಬವನ್ನು ನೆಲದಲ್ಲಿಟ್ಟು ಎಲ್ಲರೂ ದಾಟಿರೆಂದನು. ಅಕಲಂಕರು ಬಿಂಬದ ಮೇಲೊಂದು ನೂಲೆಳೆಯನ್ನು ಹಾಕಿ, ಅದು ಇನ್ನು ನಿರ್ಗ್ರಂಥವಲ್ಲವೆಂದು ಬಗೆದು ದಾಟಿದರು. ಇದೂ ವರ್ತಕರ ಮೊಬೈಲಿನಂಥ ಜಾಣತನವಲ್ಲವೇ ಎಂದು ಪಾಠಶಾಲೆಯ ಮಕ್ಕಳು ಕೇಳುವುದುಂಟು. ಒಳ್ಳೆಯ ಪ್ರಶ್ನೆ. ಅಕಲಂಕರ ನೂಲಿನಿಂದ ಒಂದು ದರ್ಶನ ಉಳಿಯಿತು, ತತ್ತ್ವಾರ್ಥವಾರ್ತಿಕ ನಮಗೆ ದೊರೆಯಿತು. ನಾವು ಎಳೆಯುವ ನೂಲಿನಿಂದ ಹೆಚ್ಚೆಂದರೆ ಒಂದು ಊಟ ಉಳಿಯುತ್ತದೆ.

ಈಗ ಗುಟ್ಟಿನ ಅಗತ್ಯವಿಲ್ಲ. ಆ ಅಂಗಳಕ್ಕೆ ವಾದ ಕೇಳಲು ಹೋಗಿದ್ದ ನಮ್ಮ ಶ್ರಾವಕರೊಬ್ಬರು ಮತ್ತೆ ಮತ್ತೆ ಪಡುವಣ ದಿಕ್ಕನ್ನು ನೋಡುತ್ತಿದ್ದುದನ್ನು ಕಂಡು ತರುಣ ಭಿಕ್ಷುವೊಬ್ಬ ಕಾರಣ ಕೇಳಿದನಂತೆ. ಸೂರ್ಯ ಮುಳುಗಿದರೆ ಊಟವಿಲ್ಲವೆಂದು ಇವರು ಹೇಳಲು, ಆತ ಮುರುಕು ಕನ್ನಡದಲ್ಲಿ, “ನಮ್ಮ ವಿನಯದಲ್ಲಿ ಸೂರ್ಯ ಮಧ್ಯಾಹ್ನವೇ ಮುಳುಗುತ್ತಾನೆ. ಎಷ್ಟು ಜನರಿಗೆ ಕಾಣುತ್ತಾನೆಂದು ಮಾತ್ರ ಕೇಳಬೇಡಿ” ಎಂದು ತನ್ನವರನ್ನೇ ನೋಡಿ ನಕ್ಕನು. “ನಮ್ಮಲ್ಲೂ ಎರಡು ಗಡಿಯಾರಗಳಿವೆ” ಎಂದರು ಇವರು.

ಸಾಮಾಯಿಕದ ಐದು ಅತಿಚಾರಗಳನ್ನು ಮುಂದಿನ ಸಂಚಿಕೆಯ ಪಾಠದಲ್ಲಿ ನೋಡೋಣ. ಅಷ್ಟರಲ್ಲಿ ಪಾಠಶಾಲೆಯ ಮಕ್ಕಳು ಏಳನೆಯ ಅಧ್ಯಾಯದ 30ರಿಂದ 34ರವರೆಗಿನ ಸೂತ್ರಗಳನ್ನು ಕಂಠಪಾಠ ಮಾಡಿರಲಿ. ದೊಡ್ಡವರು ಅವರ ಪ್ರಶ್ನೆಗಳಿಗೆ ಸಿದ್ಧರಾಗಿರಲಿ.