ತೋಟಗಾರಿಕೆ ಪದವಿ: ಯಾರು ಓದಬೇಕು, ಓದಿ ಏನು ಮಾಡಬೇಕು?

ಪೋತ್ನಾಳ ಭಾಗದ ರೈತ ಬಾಂಧವರೆ, ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗಕ್ಕೆ ನೀರು ತಲುಪದ ವರ್ಷ ಭತ್ತದ ಗತಿ ಏನಾಗುವುದೆಂದು ತಮಗೆ ತಿಳಿದೇ ಇದೆ. ಕಡಿಮೆ ನೀರಿನಲ್ಲಿ ದಾಳಿಂಬೆ, ನಿಂಬೆ ಬೆಳೆಯಲು ತಿಳಿವಳಿಕೆ ಬೇಕು. ಅದನ್ನು ಕಲಿಸುವುದೇ 4 ವರ್ಷದ ಬಿ.ಎಸ್ಸಿ. ತೋಟಗಾರಿಕೆ ಪದವಿ.

ಈ ವಿಷಯಕ್ಕೆಂದೇ ಬಾಗಲಕೋಟೆಯಲ್ಲಿ 2008ರಲ್ಲಿ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ನಮಗೆ ಹತ್ತಿರದ ಅದರ ಕಾಲೇಜು ಕೊಪ್ಪಳ ಜಿಲ್ಲೆಯ ಮುನಿರಾಬಾದಿನಲ್ಲಿದೆ. ಪಿಯುಸಿಯಲ್ಲಿ ವಿಜ್ಞಾನ ಓದಿರಬೇಕು; ಪ್ರವೇಶ ಸಿಇಟಿ ಮೂಲಕ. ಕೃಷಿಕರ ಮಕ್ಕಳಿಗೆ ಪ್ರತ್ಯೇಕ ಸ್ಥಾನಗಳಿದ್ದು, ಅದಕ್ಕೆ ಪ್ರಾಯೋಗಿಕ ಪರೀಕ್ಷೆ ಉಂಟು. ಬೀಜ, ಗೊಬ್ಬರ, ಸಲಕರಣೆಗಳನ್ನು ನೋಡಿ ಗುರುತಿಸಬೇಕು. ರಜೆಯಲ್ಲೂ ಹೊಲಕ್ಕೆ ಬಾರದ ಹುಡುಗ ಇಲ್ಲಿ ತಡವರಿಸುತ್ತಾನೆ. ಅಮ್ಮನ ಜೊತೆ ಕಳೆ ತೆಗೆದ ಹುಡುಗಿ ತಡವರಿಸುವುದಿಲ್ಲ. ರಾಯಚೂರು ಜಿಲ್ಲೆಯವರಿಗೆ 371(ಜೆ) ಮೀಸಲಾತಿಯೂ ಇದೆ. ಪ್ರಮಾಣಪತ್ರವನ್ನು ಮೊದಲೇ ಮಾಡಿಸಿಡಿ.

ಮುಂದೆ ತೋಟಗಾರಿಕೆ ಇಲಾಖೆ, ಬ್ಯಾಂಕು, ಬೀಜದ ಕಂಪನಿಗಳಲ್ಲಿ ಕೆಲಸಗಳುಂಟು. ಆದರೆ ಸರ್ಕಾರಿ ಹುದ್ದೆಯೊಂದನ್ನೇ ನಂಬಿ ಕೂರುವುದು ತರವಲ್ಲ. ಸ್ವಂತ ಹೊಲದಲ್ಲಿ ನೆರಳುಪರದೆ ಕಟ್ಟಿ, ಟ್ರೇಗಳಲ್ಲಿ ಮೆಣಸಿನ ಸಸಿ ಬೆಳೆಸಿ ಮಾರುವುದೂ ಉದ್ಯೋಗವೇ. ನಂಜುರೋಗ ಹರಡುವ ಬಿಳಿನೊಣ ನುಗ್ಗದಂತೆ ಸುತ್ತಲೂ ಸಣ್ಣ ಕಣ್ಣಿನ ಬಲೆ ಬೇಕು. ಸಸಿ ಸುಮಾರು 40 ದಿನಕ್ಕೆ ನಾಟಿಗೆ ಬರುತ್ತದೆ. ಗಿರಾಕಿ ಅಕ್ಕಪಕ್ಕದ ಹಳ್ಳಿಗಳಲ್ಲೇ ಸಿಗುತ್ತಾರೆ.